ತಿಕೋಟಾಕ್ಕೆ ಹೋಗಿಬಂದ ಗಂಟು

ಅವ್ವ ಗುಳಿಗೆ ನುಂಗುತ್ತಿಲ್ಲವೆಂಬ ಅನುಮಾನ ನನಗೆ ಹುಟ್ಟಿದ್ದು ಗೋಡೆಯ ಗೂಡಿನಿಂದ. ಬಬಲೇಶ್ವರದ ನಮ್ಮ ಮನೆಯಲ್ಲಿ ತಲೆ ಬಾಚಿಕೊಂಡಾಗ ಉದುರಿದ ಕೂದಲನ್ನು ಬೆರಳಿಗೆ ಸುತ್ತಿ ಆ ಗೂಡಿನಲ್ಲಿ ಇಡುತ್ತಿದ್ದೆವು. ಕೂದಲು ಕೊಳ್ಳುವವಳು ಬಂದಾಗ ಅದನ್ನು ಕೊಟ್ಟು ಸೂಜಿ, ಪಿನ್ನು ತೆಗೆದುಕೊಳ್ಳುತ್ತಿದ್ದೆವು. ಅವ್ವನ ಎದೆಯಲ್ಲಿದ್ದ ಕ್ಯಾನ್ಸರ್ ಗಂಟನ್ನು ತೆಗೆದು ಮೂರು ತಿಂಗಳಾಗಿತ್ತು. ಆಮೇಲಿನ ಗುಳಿಗೆಗಳಿಂದ ಕೂದಲು ಉದುರುತ್ತದೆಂದು ವಿಜಾಪುರದ ಡಾಕ್ಟರು ಮೊದಲೇ ಹೇಳಿದ್ದರು. ಗೂಡಿನಲ್ಲಿ ನನ್ನ ಕೂದಲಿನ ಉಂಡೆ ಬಿಟ್ಟರೆ ಬೇರೇನೂ ಇರಲಿಲ್ಲ.

ಎಂ.ಎ. ಮುಗಿಸಿ ಧಾರವಾಡದಿಂದ ಮರಳಿದ್ದ ನಾನು ಅವ್ವನನ್ನು ನೋಡಿಕೊಳ್ಳುತ್ತಿದ್ದೆ. ನೋಡಿಕೊಳ್ಳುವುದು ಬಲುಬೇಗ ಕಾವಲಾಯಿತು. ಬಾಟಲಿಯಲ್ಲಿ ಗುಳಿಗೆ ಲೆಕ್ಕದಂತೆ ಕಡಿಮೆಯಾಗುತ್ತಿತ್ತು, ನಿಜ. ಬಚ್ಚಲಿಗೆ ಎಸೆದರೂ ಹಾಗೆಯೇ ಕಡಿಮೆಯಾಗುತ್ತದೆ. ರೊಟ್ಟಿ ಬೇಯುವ ವಾಸನೆಗೆ ಹೊಟ್ಟೆ ತೊಳಸಿ ಅವಳು ಹಿತ್ತಲಿಗೆ ಓಡಿದರೆ, ವಾಂತಿಯಲ್ಲಿ ಗುಳಿಗೆ ಇದೆಯೇ ಎಂದು ನಾನು ಹಿಂದೆಯೇ ಹೋಗಿ ನೋಡುತ್ತಿದ್ದೆ. ಅವಳು ತಲೆಯ ಮೇಲಿನ ಸೆರಗು ಸರಿಸುತ್ತಿರಲಿಲ್ಲ, ನನ್ನಿಂದ ತಲೆ ಬಾಚಿಸಿಕೊಳ್ಳುವುದನ್ನೂ ಬಿಟ್ಟಿದ್ದಳು.

ತಿಕೋಟಾದ ದೊಡ್ಡವ್ವ, ಅವ್ವನ ಅಕ್ಕ, ಸಂತೆಗೆ ಬಂದಾಗಲೆಲ್ಲ ನಮ್ಮಲ್ಲಿಗೆ ಬರುತ್ತಿದ್ದಳು. ನಾನು ಒಳಗೆ ಹೋದರೆ ಇಬ್ಬರ ಮಾತು ತಟ್ಟನೆ ಮೆಣಸಿನಕಾಯಿಯ ಕಡೆ ತಿರುಗುತ್ತಿತ್ತು. ಹೋಗುವಾಗ ಅವಳ ಸೆರಗಿನ ಕೆಳಗೆ ಒಂದು ಸಣ್ಣ ಗಂಟು. "ಇಂಗ್ಲಿಷ್ ಗುಳಿಗಿ ಮೈ ಸುಡತಾವು. ನಮ್ಮೂರಾಗ ಒಬ್ಬಾಂವ ಪುಡಿ ಕೊಡ್ತಾನ" ಎಂದು ಮೊದಲೊಮ್ಮೆ ಅಂದವಳೂ ಅವಳೇ.

ಒಂದು ಸಂತೆಯ ದಿನ ಆ ಗಂಟು ತಿಕೋಟಾದಿಂದ ಮರಳಿ ಬಂತು. ಅವ್ವ ಅದನ್ನು ಕೌದಿಗಳ ನಡುವೆ ಸೇರಿಸಿದ್ದನ್ನು ಕಂಡೆ. ಅವಳು ಜಳಕಕ್ಕೆ ಹೋದಾಗ ಬಿಚ್ಚಿದೆ.

ಪುಡಿಯಿರಲಿಲ್ಲ. ತೊಳೆದು, ಎಣ್ಣೆ ಹಚ್ಚಿ, ಒಂದು ತುದಿಗೆ ಕರಿದಾರ ಬಿಗಿದ ಚೌರಿಯಿತ್ತು. ತುರುಬಿಗೆ ಸೇರಿಸಿಕೊಳ್ಳುವ ಕೂದಲು. ನಡುನಡುವೆ ಬಿಳಿ ಎಳೆಗಳು. ಅವ್ವನದೇ.

ಅವಳು ಬಾಗಿಲಲ್ಲಿ ನಿಂತಿದ್ದಳು. ಒದ್ದೆ ತಲೆಯಲ್ಲಿ ನೆತ್ತಿಯ ಚರ್ಮ ಕಾಣುತ್ತಿತ್ತು.

"ಒಂದ್ ಗಂಟು ಡಾಕ್ಟರ್ ತಗದ್ರು, ಇದನ್ನ ನೀ ಬಿಚ್ಚಿದಿ. ಭಾಳ ಶಾಣ್ಯಾಕಿ ಬಿಡವಾ, ಎಂ.ಎ. ಓದಿದ್ದು ಸಾರ್ಥಕ ಆತು."

"ನನಗ್ಯಾಕ ಹೇಳಲಿಲ್ಲಬೇ?"

"ಹೇಳಿದ್ರ ನೀ ಡಾಕ್ಟರ್‌ಗೆ ಹೇಳ್ತಿದ್ದಿ. ಅವ್ರು ಮತ್ತ ಗುಳಿಗಿ ನಿಂದ್ರಸ್ತಿದ್ರು. ನಿಂದ್ರಿಸಿದ್ರಂದ್ರ ಕೈ ಬಿಟ್ಟಂಗ ಅಲ್ಲೇನು?"

ಹಿಂದಿನ ತಿಂಗಳು ರಕ್ತದಲ್ಲಿ ಬಿಳಿ ಕಣಗಳು ಇಳಿದವೆಂದು ಎರಡು ವಾರ ಗುಳಿಗೆ ನಿಲ್ಲಿಸಿದ್ದರು. ಕಾರಣವನ್ನು ನಾನೇ ಬಿಡಿಸಿ ಹೇಳಿದ್ದೆ. ಅವಳು ನಂಬಿರಲಿಲ್ಲ. ಬಾಟಲಿಯ ಗುಳಿಗೆಗಳನ್ನು ನಾನು ಎಣಿಸುತ್ತಿದ್ದ ವಿಷಯವನ್ನು ಅವಳಿಗೆ ಹೇಳಲಿಲ್ಲ.

ಮುಂದಿನ ಸಲ ವಿಜಾಪುರದಲ್ಲಿ, ನಾನು ಹೇಳಿಬಿಡುವ ಮೊದಲೇ, ಅವಳಾಗಿಯೇ ಸೆರಗು ಸರಿಸಿ, ಚೌರಿ ಬಿಚ್ಚಿ ಡಾಕ್ಟರ ಮೇಜಿನ ಮೇಲೆ ಇಟ್ಟಳು. ಕೂದಲು ಮತ್ತೆ ಬರುತ್ತದೆ, ಅದಕ್ಕಾಗಿ ಗುಳಿಗೆ ನಿಲ್ಲಿಸುವುದಿಲ್ಲ ಎಂದರು ಅವರು. ಆದರೆ ರಕ್ತ ಪರೀಕ್ಷೆ ಮಾಡಿದಾಗ ಬಿಳಿ ಕಣಗಳು ಮತ್ತೆ ಇಳಿದಿದ್ದವು. ಒಂದು ಚೀಟಿ ಬರೆದುಕೊಟ್ಟರು.

ಆಸ್ಪತ್ರೆಯ ಪಡಸಾಲೆಗೆ ಬಂದ ಕೂಡಲೇ ಅವ್ವ "ಓದು" ಎಂದಳು. ಎರಡು ವಾರ ಬಿಟ್ಟು ಗುಳಿಗೆ ಮತ್ತೆ ಶುರುಮಾಡಬೇಕು ಎಂದು ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳಿದೆ. ಅವಳು ಚೀಟಿಯನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು. ಮುಗಿದ ಮೇಲೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಕಂಪೌಂಡರನ ಕಿಟಕಿಗೆ ಹೋದಳು.

"ಇಕಿ ಓದಿದ್ದು ಖರೆ ಐತೇನ್ರಿ? ನೀವೊಮ್ಮೆ ಓದ್ರಿ."

ಅವನೂ ಅದನ್ನೇ ಓದಿದ. ಅವ್ವ ಚೀಟಿಯನ್ನು ನಾಲ್ಕಾಗಿ ಮಡಚಿ ತನ್ನ ಚಂಚಿಯಲ್ಲಿಟ್ಟುಕೊಂಡಳು. ನನ್ನ ಕೈಗೆ ಕೊಡಲಿಲ್ಲ.