ಟ್ರೇಲರಿನ ಹಿಂದೆ ನಿಂತವಳು

ಡೀಲಿಯಾ ಗಾವನ್ ಅಂದರೆ ನಮಗೆಲ್ಲ ನೆನಪಾಗುತ್ತಿದ್ದುದು ಅವಳ ಕೆಂಪು ಕೋಟು. ಮಳೆಗೂ ಅದೇ, ಗಾಳಿಗೂ ಅದೇ. ಗಂಡ ಮ್ಯಾಲಕಿ ಹಳೆಯ ಡೀಸೆಲ್ ಜೀಪಿನಲ್ಲಿ ಕೂತು ದನದ ಟ್ರೇಲರನ್ನು ಹಿಂದಕ್ಕೆ ತೆಗೆಯುವಾಗ ಅವಳು ಗೇಟಿನ ಕಂಬದ ಪಕ್ಕ ನಿಂತು ಎರಡೂ ಕೈ ಬೀಸುತ್ತಿದ್ದಳು, ಕೋಳಿ ಓಡಿಸುವವಳ ಹಾಗೆ.

ಐರ್ಲೆಂಡಿನ ಈ ಪಶ್ಚಿಮದ ಮೂಲೆಯಲ್ಲಿ ಮದುವೆಯಾದವರೆಲ್ಲ ಹೀಗೇ. ಗಂಡ ಜೀಪಿನ ಒಳಗೆ, ಹೆಂಡತಿ ಟ್ರೇಲರಿನ ಹಿಂದೆ. ಯಾರ ಮನೆಯಲ್ಲಿ ಜಗಳ ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಸಂತೆಯ ದಿನ ಬೆಳಿಗ್ಗೆ ಅಂಗಳದಲ್ಲಿ ನಿಂತರೆ ಸಾಕು, ಕೂಗಾಟ ಹೊಲಗಳ ಮೇಲೆ ಹಾದು ಬರುತ್ತದೆ.

"ಸರಿಯಾಗಿ ಬೀಸೇ! ಎತ್ತ ಹೋಗ್ಲಿ ನಾನು?" ಎಂದು ಮ್ಯಾಲಕಿ ಕಿರುಚುತ್ತಿದ್ದ.

"ಕಣ್ಣಿದ್ರೆ ಕಾಣತ್ತೆ!"

ಡೀಲಿಯಾ ಪೇಟೆಯವಳು. ಬಟ್ಟೆ ಅಂಗಡಿಯ ಮೇಲಿನ ಮನೆಯಲ್ಲಿ ಬೆಳೆದವಳು. ಅಳತೆಪಟ್ಟಿ ಇಲ್ಲದೆ ಬೆರಳಿನಲ್ಲೇ ಪರದೆಯ ಬಟ್ಟೆ ಅಳೆಯುತ್ತಿದ್ದವಳಿಗೆ ದನ ಸಾಕುವವರ ಮನೆಗೆ ಬಂದ ಮೇಲೆ ಸಿಕ್ಕ ಜಾಗ ಆ ಕಂಬದ ಪಕ್ಕದ್ದು. ಅದನ್ನು ಅವಳು ಪ್ರೀತಿಸಿದಳೋ ಇಲ್ಲವೋ ಯಾರೂ ಕೇಳಲಿಲ್ಲ. ನಿಂತಳು, ಅಷ್ಟೆ. ತನ್ನ ಕೈ ಇಲ್ಲದಿದ್ದರೆ ಕಂಬ ಎಂದೋ ಬಿದ್ದಿರುತ್ತಿತ್ತು ಎಂದು ಮಾತ್ರ ಅವಳಿಗೆ ಗಟ್ಟಿ ನಂಬಿಕೆಯಿತ್ತು.

ಫೆಬ್ರವರಿಯಲ್ಲಿ ಮ್ಯಾಲಕಿಗೆ ಲಕ್ವ ಹೊಡೆಯಿತು. ಎಡಗೈ ಜೋತುಬಿತ್ತು. ಎಡಗಾಲು ಕೋಲಿನ ಆಸರೆಗೆ ಬಂತು. ನಾಲಿಗೆ ಮಾತ್ರ ಬೇಸಿಗೆಯ ಹೊತ್ತಿಗೆ ಮೊದಲಿನಂತೆಯೇ ಆಯಿತು. ಪಕ್ಕದ ಹೊಲದ ಫಿಂಟನ್ ಬಂದು, ಜಮೀನು ಗೇಣಿಗೆ ಕೊಡುವುದಾದರೆ ತಾನು ಸಿದ್ಧ ಎಂದು ಹೇಳಿ ಚಹಾ ಕುಡಿದು ಹೋದ. ಒಳ್ಳೆಯ ಮನುಷ್ಯ. ಬೇಡ ಎನ್ನಲು ಡೀಲಿಯಾಗೆ ಅದೇ ಕಷ್ಟವಾಯಿತು.

ಮ್ಯಾಲಕಿ ಒಂದು ಮಾತು ಹೇಳಿದ. "ಅಕ್ಟೋಬರ್ ಸಂತೆಗೆ ಕರುಗಳನ್ನ ನೀನೇ ಎಳ್ಕೊಂಡು ಹೋಗಿ, ಟ್ರೇಲರ್ ನೀನೇ ಹಿಂದಕ್ಕೆ ತೆಗೆದು ಇಳಿಸಿದ್ರೆ ದನ ಇಟ್ಕೊಳ್ಳೋಣ. ಆಗ್ಲಿಲ್ವಾ, ಫಿಂಟನ್‌ಗೆ ಕೊಟ್ಬಿಡೋಣ. ಊರೋರ ಕೈಕಾಲು ಹಿಡ್ಕೊಂಡು ದನ ಸಾಕೋದು ನನ್ನಿಂದಾಗಲ್ಲ."

ಅವಳು ಒಪ್ಪಿದಳು. ಆ ಹಸುಗಳಿಗೆಲ್ಲ ಹೆಸರಿಟ್ಟವಳು ಅವಳೇ.

ಮುಂದಕ್ಕೆ ಓಡಿಸುವುದು ಕಷ್ಟವಾಗಲಿಲ್ಲ. ಇಂಜಿನ್ ಬೆಚ್ಚಗಾಗಿ ಹಳದಿ ದೀಪ ಆರುವ ತನಕ ಕಾಯಬೇಕು, ಆಮೇಲೆ ಕೀಲಿ ತಿರುಗಿಸಬೇಕು. ಮುದಿ ಜೀಪು ಕೆಮ್ಮಿ, ಕಪ್ಪು ಹೊಗೆ ಉಗುಳಿ, ಎದ್ದು ನಿಲ್ಲುತ್ತಿತ್ತು. ಆದರೆ ಹಿಂದಕ್ಕೆ? ಬಲಕ್ಕೆ ತಿರುಗಿಸಿದರೆ ಟ್ರೇಲರು ಎಡಕ್ಕೆ ಹೋಯಿತು. ಎಡಕ್ಕೆ ತಿರುಗಿಸಿದರೆ ಬಲಕ್ಕೆ. ಸರಿ, ಉಲ್ಟಾ ಎಂದು ನೆನಪಿಟ್ಟುಕೊಂಡು ಹೊರಟರೆ ಮಧ್ಯದಲ್ಲಿ ಯಾವುದರ ಉಲ್ಟಾ ಎಂಬುದೇ ಮರೆತುಹೋಗುತ್ತಿತ್ತು. ಮ್ಯಾಲಕಿ ಬಾಗಿಲಲ್ಲಿ ಕೋಲೂರಿ ನಿಂತು ಕೂಗುತ್ತಿದ್ದ.

"ಎಡಕ್ಕೆ! ಎಡಕ್ಕೇ!"

"ಯಾವುದರ ಎಡಕ್ಕೆ? ಜೀಪಿಂದೋ, ಟ್ರೇಲರಿಂದೋ, ನಿಂದೋ?"

"ಎಡ ಅಂದ್ರೆ ಎಡ!"

ಟ್ರೇಲರು ಮಡಚುವ ಚಾಕುವಿನಂತೆ ಮಡಚಿಕೊಂಡು ಜೀಪಿನ ಕೆನ್ನೆಗೆ ಬಡಿಯುತ್ತಿತ್ತು. ಗೋಡೆಯಾಚೆಯಿಂದ ಫಿಂಟನ್, "ಡೀಲಿಯಾ, ಕಂಬ ನಿಂಗೇನು ಮಾಡ್ತು?" ಎನ್ನುತ್ತಿದ್ದ.

ಊರು ತುಂಬ ಸಲಹೆ. ಅಂಚೆಯವನು ಕನ್ನಡಿ ನೋಡಬೇಡ ಎಂದ. ಪಾದ್ರಿಗಳು ಕನ್ನಡಿ ಬಿಟ್ಟು ಬೇರೇನೂ ನೋಡಬೇಡ ಎಂದರು. ರೊಟ್ಟಿ ಅಂಗಡಿಯವಳು, ತಾನು ಕಣ್ಣು ಮುಚ್ಚಿಕೊಂಡು ತನ್ನಮ್ಮನನ್ನು ನೆನೆದು ತಿರುಗಿಸುತ್ತೇನೆ ಎಂದಳು. ಡೀಲಿಯಾ ಎಲ್ಲವನ್ನೂ ಮಾಡಿ ನೋಡಿದಳು. ರಾತ್ರಿ ಊಟದ ತಟ್ಟೆಯನ್ನು ಮೇಜಿನ ಮೇಲೆ ಹಿಂದಕ್ಕೂ ಮುಂದಕ್ಕೂ ತಳ್ಳುತ್ತ ಕೂತಳು. ತನ್ನದೇ ಕೈಗಳಲ್ಲಿ ಯಾವುದು ಎಡ, ಯಾವುದು ಬಲ ಎಂದು ಒಂದು ಕ್ಷಣ ಹುಡುಕಬೇಕಾಯಿತು.

ಸಂತೆಗೆ ಒಂದು ವಾರ ಇರುವಾಗ ಅವಳು ಜೀಪಿನಿಂದ ಇಳಿದು ಬಂದು ಹೇಳಿದಳು, "ಕೂಗಬೇಡ ಮ್ಯಾಲಕಿ. ನಾನು ಕೈ ಬೀಸ್ತಿದ್ದೆನಲ್ಲ, ಹಾಗೆ ಬೀಸು. ನಂಗೆ ಆ ಭಾಷೆ ಬರತ್ತೆ."

"ನಂಗೆ ಬರಲ್ವಲ್ಲ. ನಿನ್ನ ಕೈ ನಾನು ಯಾವತ್ತೂ ನೋಡಿಲ್ಲ."

ಅವಳು ಒಳಗೆ ಹೋಗಿ ಆಲೂಗಡ್ಡೆ ಸುಲಿದಳು. ಇಬ್ಬರಿಗೆ ಬೇಕಾದ್ದಕ್ಕಿಂತ ಬಹಳ ಹೆಚ್ಚು ಸುಲಿದಳು. ಮಳೆಯಲ್ಲಿ, ಆಲಿಕಲ್ಲಿನಲ್ಲಿ, ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ನಿಂತು ಬೀಸಿದ್ದೆಲ್ಲ ಎಲ್ಲಿಗೆ ಹೋಯಿತು ಎಂದು ಅವಳಿಗೆ ಅರ್ಥವಾಗಲಿಲ್ಲ.

ಸಂತೆಯ ದಿನ ಗಾಳಿಯಿತ್ತು. ಟ್ರೇಲರಿನ ತುಂಬ ಹೋರಿಗರುಗಳು. ಒಳಗೆ ಒಂದು ಕರು ಕಾಲು ಬದಲಿಸಿದರೂ ಅವಳ ಬೆನ್ನಿಗೆ ತಿಳಿಯುತ್ತಿತ್ತು. ಇಗರ್ಜಿಯ ಇಳಿಜಾರಿನಲ್ಲಿ ಭಾರವೆಲ್ಲ ಹಿಂದಿನಿಂದ ತಳ್ಳಿತು. ಪಕ್ಕದಲ್ಲಿದ್ದ ಮ್ಯಾಲಕಿ, "ಬ್ರೇಕ್ ಬೇಡ, ಎರಡನೇ ಗೇರು, ಅದರ ಪಾಡಿಗೆ ಅದು ಇಳೀತದೆ" ಎಂದ. ಇಳಿಯಿತು.

ಸಂತೆಯಲ್ಲಿ ಕರು ಇಳಿಸುವ ಕಿಂಡಿ, ಟ್ರೇಲರಿನ ಹಿಂಬದಿಯನ್ನು ತಂದು ಸೇರಿಸಬೇಕಾದ ಸಂದು, ಎರಡು ಗೋಡೆಗಳ ನಡುವೆ. ಅದರ ಎದುರಿಗೆ ಕಬ್ಬಿಣದ ಸರಳು. ಸರಳಿಗೆ ಮೊಣಕೈ ಊರಿ ನಿಲ್ಲುವ ಗಂಡಸರಿಗೆ ದನ ಕೊಳ್ಳುವುದಕ್ಕಿಂತ ಬೇರೆಯವರು ಟ್ರೇಲರು ಹಿಂದಕ್ಕೆ ತೆಗೆಯುವುದನ್ನು ನೋಡುವುದೇ ಹೆಚ್ಚಿನ ಸುಖ.

ಮೊದಲ ಸಲ ಟ್ರೇಲರು ಅಡ್ಡಕ್ಕೆ ಹೋಯಿತು. ಮುಂದೆ ಎಳೆದು ಮತ್ತೆ ತೆಗೆದರೆ ಇನ್ನೊಂದು ಬದಿಗೆ ಮಡಚಿಕೊಂಡಿತು. ಹಿಂದೆ ಸಾಲಿನಲ್ಲಿದ್ದವರು ಹಾರನ್ ಹೊಡೆಯಲಿಲ್ಲ. ಹೊಡೆದಿದ್ದರೆ ವಾಸಿಯಿತ್ತು.

ಸರಳಿನ ಕಡೆಯಿಂದ ಒಬ್ಬ ಮುದುಕ ಬಂದು ಅವಳ ಬಾಗಿಲು ತೆರೆದ. "ಇಳಿಯಮ್ಮಾ, ನಾನು ಹಾಕ್ಕೊಡ್ತೀನಿ. ಒಂದು ನಿಮಿಷದ ಕೆಲಸ."

ಇಲ್ಲಿನ ವಾಡಿಕೆ ಅದು. ಯಾರೂ ತಪ್ಪು ತಿಳಿಯುವುದಿಲ್ಲ. ಇಳಿದರೆ ಕರುಗಳು ಕಿಂಡಿಗೆ ಹೋಗುತ್ತವೆ, ಹೊಲ ಫಿಂಟನ್‌ಗೆ ಹೋಗುತ್ತದೆ.

"ಬೇಡಪ್ಪಾ, ದೇವರು ಒಳ್ಳೇದು ಮಾಡ್ಲಿ," ಎಂದು ಡೀಲಿಯಾ ಬಾಗಿಲು ಎಳೆದುಕೊಂಡಳು. ಆಮೇಲೆ ಗಂಡನ ಕಡೆ ತಿರುಗಿದಳು. "ಕೈ ನೋಡ್ಲಿಲ್ಲ ಅಂದೆಯಲ್ಲ. ಮತ್ತೇನು ನೋಡ್ತಿದ್ದೆ?"

"ಕೋಟು," ಎಂದ ಅವನು. "ಟ್ರೇಲರಿನ ಅಂಚು, ನಿನ್ನ ಕೋಟು, ಮಧ್ಯ ಒಂದು ಗೇಣು ಬೆಳಕು. ಅಷ್ಟು ಕಂಡ್ರೆ ಕಂಬ ದೂರ ಇದೆ ಅಂತ."

ಅವಳು ಕೋಟು ಬಿಚ್ಚಿ ಅವನ ಹೆಗಲಿಗೆ ಹಾಕಿದಳು. ಜೋತುಬಿದ್ದ ಕೈಯನ್ನು ಕೋಟಿನ ತೋಳಿಗೆ ಸೇರಿಸಿದಳು. ಗುಂಡಿ ಸೇರಲಿಲ್ಲ.

"ಇಳಿ. ನನ್ನ ಕಡೆ ಗೋಡೆಯ ಮೂಲೆಯಲ್ಲಿ ನಿಂತ್ಕೋ."

"ಒಂದು ಕೈಲಿ ಕೋಲು, ಇನ್ನೊಂದು ಸತ್ತಿದೆ. ಏನಂತ ಬೀಸ್ಲಿ?"

"ಬೀಸಬೇಡ. ನಿಂತ್ಕೋ."

ಅವನು ಬಾಗಿಲಿಗೆ ಕೈ ಹಾಕಿದವನು ತಿರುಗಿ ನೋಡಿದ. "ಸ್ಟೇರಿಂಗ್ ಯಾಕೆ ಮೇಲೆ ಹಿಡ್ದಿದ್ದೀಯಾ?"

"ಮತ್ತೆಲ್ಲಿ ಹಿಡೀಲಿ?"

"ಕೆಳಗೆ. ಹಿಂದಕ್ಕೆ ತೆಗೆಯೋವಾಗ ಕೈ ಚಕ್ರದ ಕೆಳಗಿನ ಅಂಚಲ್ಲಿರಬೇಕು. ಕೈ ಹೋದ ಕಡೆ ಟ್ರೇಲರ್ ಹೋಗತ್ತೆ. ಗೊತ್ತಿಲ್ವಾ?"

"ಹೇಗೆ ಗೊತ್ತಿರತ್ತೆ? ನಾನು ಹಿಂದೆ ನಿಂತಿರ್ತಿದ್ದೆ."

ಅವನಿಗೂ ಅದು ಈಗಷ್ಟೇ ತಿಳಿದಂತಿತ್ತು.

ಕೆಂಪು ಕೋಟು ನಿಧಾನಕ್ಕೆ ನಡೆದು ಹೋಗಿ ಗೋಡೆಯ ಮೂಲೆಗೆ ನಿಂತಿತು. ಸರಳಿನ ಕಡೆ ಯಾರೋ, "ಮ್ಯಾಲಕಿ, ಬಣ್ಣ ಒಪ್ಪತ್ತೆ ಕಣೋ!" ಎಂದರು. ಡೀಲಿಯಾ ಕೇಳಿಸಿಕೊಳ್ಳಲಿಲ್ಲ. ಕನ್ನಡಿಯಲ್ಲಿ ಟ್ರೇಲರಿನ ಅಂಚು, ಕೆಂಪು, ನಡುವೆ ತೆಳ್ಳಗೆ ಬೆಳಕು. ಆ ಬೆಳಕನ್ನು ಅವಳು ಪರದೆಯ ಬಟ್ಟೆಯಂತೆ ಅಳೆದಳು. ಅಗಲವಾದರೆ ಕೈಯನ್ನು ಕೋಟಿನ ಕಡೆ ಸರಿಸಿದಳು. ಕಿರಿದಾದರೆ ಆಚೆಗೆ. ಎಡ ಬಲ ಎಂಬ ಮಾತು ತಲೆಯೊಳಗೆ ಎಲ್ಲೋ ಗೊಣಗುತ್ತಿತ್ತು, ಗೊಣಗಲಿ ಎಂದು ಬಿಟ್ಟಳು. ಕೋಲಿನ ಮೇಲೆ ಅವನು ಒಮ್ಮೆ ವಾಲಿದ. ಅವಳ ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಅವನು ನೆಟ್ಟಗಾದ ಮೇಲೆ ಮತ್ತೆ ಬಿಟ್ಟಳು.

ಟ್ರೇಲರು ಕಿಂಡಿಯ ಅಂಚಿಗೆ ಹಾಕಿದ್ದ ರಬ್ಬರಿಗೆ ಮೆತ್ತಗೆ ತಾಗಿತು.

ಕರುಗಳು ಇಳಿದು ಓಡಿದವು. ಬಾಗಿಲು ತೆರೆದಿದ್ದ ಮುದುಕ ಮ್ಯಾಲಕಿಯ ಬೆನ್ನು ತಟ್ಟಿ, "ಚೆನ್ನಾಗಿ ಒಳಗೆ ತಂದ್ಬಿಟ್ಟೆಯಪ್ಪಾ," ಎಂದ. ಮ್ಯಾಲಕಿ, "ನಾನೆಲ್ಲಿ, ಕಂಬದ ಹಾಗೆ ನಿಂತಿದ್ದೆ," ಎಂದ. ಜೀಪಿನಲ್ಲಿ ಕೂತಿದ್ದ ಡೀಲಿಯಾಳ ಕೈ ಇನ್ನೂ ಸ್ಟೇರಿಂಗಿನ ಕೆಳಗಿನ ಅಂಚಿನಲ್ಲೇ ಇತ್ತು. ಅದು ಹೇಗೆ ಆಯಿತು ಎಂದು ಯಾರಾದರೂ ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

ಮನೆಗೆ ಹೋಗುವಾಗ ಖಾಲಿ ಟ್ರೇಲರು ಹಿಂದೆ ಗಲಗಲ ಎನ್ನುತ್ತಿತ್ತು. ಇಗರ್ಜಿಯ ಏರು ಮುಗಿದ ಮೇಲೆ ಅವಳು ಕೇಳಿದಳು, "ನೋಡೋದೇ ಇಲ್ಲ ಅಂದ್ಮೇಲೆ, ಸರಿಯಾಗಿ ಬೀಸು ಸರಿಯಾಗಿ ಬೀಸು ಅಂತ ಯಾಕೆ ಕಿರುಚ್ತಿದ್ದೆ?"

ಮ್ಯಾಲಕಿ ಒಂದೇ ಕೈಯಲ್ಲಿ ಕೋಟಿನ ಗುಂಡಿ ಹಾಕಲು ನೋಡಿ ಬಿಟ್ಟ.

"ನೀನು ಸುಮ್ನೆ ನಿಂತ್ರೆ ಕೋಪ ಮಾಡ್ಕೊಂಡಿದ್ದೀಯೇನೋ ಅನ್ಸೋದು," ಎಂದ.

ಅವಳಿಗೆ ನಗು ಬಂತೋ ಇನ್ನೇನು ಬಂತೋ, ರಸ್ತೆ ನೋಡಿದಳು. ಗೇಟಿನ ಬಳಿ ಫಿಂಟನ್ ನಿಂತಿದ್ದ. ಮ್ಯಾಲಕಿ ಕಿಟಕಿ ಇಳಿಸಿ, "ಗೇಣಿ ಇಲ್ಲ ಕಣೋ ಫಿಂಟನ್. ದನ ಇರ್ತವೆ," ಎಂದ. ಕೋಟು ಇನ್ನೂ ಅವನ ಮೈಮೇಲೇ ಇತ್ತು.

ಫಿಂಟನ್ ಕೋಟನ್ನು ನೋಡಿದ, ಡೀಲಿಯಾಳನ್ನು ನೋಡಿದ, ಏನೂ ತಿಳಿಯದೆ ಗೇಟು ತೆರೆದ. ಅವಳು ಅಂಗಳದಲ್ಲಿ ಜೀಪು ತಿರುಗಿಸಿ, ಟ್ರೇಲರನ್ನು ಕೊಟ್ಟಿಗೆಯ ಪಕ್ಕಕ್ಕೆ ಹಿಂದಕ್ಕೆ ತೆಗೆಯಲು ಸಿದ್ಧಳಾದಳು. ಅವಳು ಕೇಳದೆಯೇ ಮ್ಯಾಲಕಿ ಇಳಿದು, ಕೋಲೂರಿಕೊಂಡು, ಕಂಬದ ಕಡೆ ನಡೆದ.