ಶಿಕ್ಷೆ ಮೊದಲು, ತಪ್ಪು ಮತ್ತೆ

1948ರ ಜುಲೈ 14. ಹಳೆಯ ಪಂಚಾಂಗದ ಪ್ರಕಾರ ಅದು ಬುಧವಾರ. ನನ್ನ ನೆನಪಿನಲ್ಲಿ ಮಾತ್ರ ಸೋಮವಾರವಾಗಿಯೇ ಉಳಿದಿದೆ. ಕುಂಬಳೆ ಸಮೀಪದ ನಮ್ಮ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರು ಎಡಗೈ ಹೆಬ್ಬೆರಳಿನ ಉಗುರನ್ನು ಉದ್ದ ಬೆಳೆಸಿದ್ದರು. ನಿಘಂಟಿನಲ್ಲಿ ಬೇಕಾದ ಪದ ಸಿಕ್ಕಿದಾಗ ಅದರ ಕೆಳಗೆ ಉಗುರು ಒತ್ತುವರು. ಕಾಗದದಲ್ಲಿ ಅರ್ಧಚಂದ್ರ ಮೂಡುವುದು. ಉತ್ತರ ತಪ್ಪಿದವನ ಕಿವಿಯ ಹಾಲೆಯಲ್ಲೂ ಅದೇ ಅರ್ಧಚಂದ್ರ.

ಆ ವಾರ ಅವರು 'ಶ್ರಿಫ್ಟ್' ಎಂಬ ಹಳೆಯ ಇಂಗ್ಲಿಷ್ ಪದವನ್ನು ಕಲಿಸಿದ್ದರು. ಪಾದ್ರಿಯ ಮುಂದೆ ಪಾಪವನ್ನು ನಿವೇದಿಸಿಕೊಳ್ಳುವುದು ಎಂದರ್ಥ. ಅದರ ಬೇರು ಬರೆಯುವುದನ್ನು ಸೂಚಿಸುವ ಲ್ಯಾಟಿನ್ ಧಾತು. ಪಾದ್ರಿ ವಿಧಿಸಿದ ಪ್ರಾಯಶ್ಚಿತ್ತಕ್ಕೆ ಇದ್ದ ಹೆಸರೇ ಕ್ರಮೇಣ ನಿವೇದನೆಗೂ ಸಂದಿತು. ಗಲ್ಲಿಗೆ ಹೋಗುವವನಿಗೆ ಅದಕ್ಕೆಂದು ಕೊಡುತ್ತಿದ್ದ ಸಮಯ ತೀರ ಕಡಿಮೆ.

"ದೈವಕ್ಕೆ ತಪ್ಪುಕಾಣಿಕೆ ಹಾಕುವ ಹಾಗೆಯಾ ಮಾಸ್ಟ್ರೇ?" ಎಂದು ಕೇಳಿದವನು ಕಾರಡ್ಕದ ನನ್ನ ಸಹಪಾಠಿ. ಅವನ ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು. ತಾಯಿ ಕೂಲಿ ಮಾಡಿ ಓದಿಸುತ್ತಿದ್ದರು.

"ಅಲ್ಲಿ ತಪ್ಪು ಮೊದಲು, ಕಾಣಿಕೆ ಮತ್ತೆ. ನನ್ನಲ್ಲಿ ಕಾಣಿಕೆಯೇ ಮೊದಲು ಮಾರಾಯ."

ಅದು ತಮಾಷೆಯಲ್ಲ, ಅವರ ಕ್ರಮ. ಕರಿಹಲಗೆಯಲ್ಲಿ ಶಿಕ್ಷೆ ಬರೆದ ಮೇಲೆಯೇ ತಪ್ಪಿತಸ್ಥ ಯಾರೆಂದು ಕೇಳುವರು.

ಆ ಬುಧವಾರ ಅವರ ನಿಘಂಟು ಮೇಜಿನ ಮೇಲೆ ಇರಲಿಲ್ಲ. ಹಲಗೆಯಲ್ಲಿ 'ಶಾಲೆಯಿಂದ ಹೊರಗೆ' ಎಂದು ಬರೆದರು.

"ಗಂಟೆ ಹೊಡೆಯುವವರೆಗೆ ಪುರುಸೊತ್ತು ಉಂಟು. ಕದ್ದವನು ಏಳದಿದ್ದರೆ ಈ ವರ್ಷ ಒಬ್ಬನೂ ಪಬ್ಲಿಕ್ ಪರೀಕ್ಷೆಗೆ ಕೂರುವುದಿಲ್ಲ."

ಗಂಟೆಗೆ ಸ್ವಲ್ಪ ಮೊದಲು ಕಾರಡ್ಕದವನು ಎದ್ದ. "ನಾನು ಮಾಸ್ಟ್ರೇ."

"ಎಲ್ಲಿಟ್ಟಿದ್ದೀ?"

"ಗೊತ್ತಿಲ್ಲ."

"ಕದ್ದವನಿಗೇ ಗೊತ್ತಿಲ್ಲವಂತೆ! ನೀನು ಎಂತ ಕಳ್ಳನೋ?"

ತರಗತಿ ನಕ್ಕಿತು. ಎಲ್ಲರ ಪರೀಕ್ಷೆ ಉಳಿಸಲು ಅವನು ಎದ್ದದ್ದೆಂದು ನಕ್ಕವರಿಗೂ ಗೊತ್ತಿತ್ತು. ಕಿವಿಯಲ್ಲಿ ಅರ್ಧಚಂದ್ರ ಹೊತ್ತು ಅವನು ಹೊರಟುಹೋದ.

ಮಧ್ಯಾಹ್ನ ಮಾಸ್ತರರ ಮನೆಯಿಂದ ಬುತ್ತಿಯೊಡನೆ ನಿಘಂಟೂ ಬಂತು. ಅದನ್ನು ಅವರೇ ಜಗಲಿಯಲ್ಲಿ ಮರೆತಿದ್ದರು.

"ಅವನನ್ನು ಕರೆದುಕೊಂಡು ಬರುವುದಾ ಮಾಸ್ಟ್ರೇ?" ಎಂದೆ.

"ಎಂತಕ್ಕೆ? ಕದಿಯದೆ ಕದ್ದೆ ಎಂದನಲ್ಲ. ಸುಳ್ಳು ಹೇಳಿದವನಿಗೂ ಅದೇ ಶಿಕ್ಷೆ." ಮುಂದಿನ ಪದಕ್ಕಾಗಿ ಪುಟ ತಿರುವಿ ಉಗುರು ಒತ್ತಿದರು.

ಕಾರಡ್ಕದವನು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಮಾಸ್ತರರು 1955ರಲ್ಲಿ ತೀರಿಕೊಂಡರು. ಅವರು ಕಲಿಸಿದ ಭಾಷೆಯಿಂದಲೇ ನಾನು ಜೀವನವಿಡೀ ಅನ್ನ ತಿಂದಿದ್ದೇನೆ. ಬರೆದದ್ದನ್ನು ಇನ್ನೊಂದು ಕಡೆ ಪರೀಕ್ಷಿಸದೆ ನಂಬಬಾರದೆಂಬ ಅಭ್ಯಾಸವೂ ಅವರದೇ ಕೊಡುಗೆ.

ಈಚೆಗೆ ಆ ಶಾಲೆಯ ದಾಖಲಾತಿ ಪುಸ್ತಕ ನೋಡಿದೆ. ಅವನ ಹೆಸರಿನ ಮುಂದೆ ತಾರೀಕು ಸರಿಯಾಗಿಯೇ ಇದೆ. ನಡತೆ: ಉತ್ತಮ. ಶಾಲೆ ಬಿಟ್ಟ ಕಾರಣ, ಮಾಸ್ತರರದೇ ಅಕ್ಷರದಲ್ಲಿ: ತಂದೆಯ ಕೋರಿಕೆ.