ನಾಲ್ಕು ಜನರ ಊಟ

ಕುರೆಕುಪ್ಪದಲ್ಲಿ ನಮ್ಮ ಪಕ್ಕದ ಮನೆಗೆ ಕ್ರೇನ್ ಆಪರೇಟರ್ ಒಬ್ಬರು ಬಾಡಿಗೆಗೆ ಬಂದಿದ್ದರು. ಪಾಳಿ ಮುಗಿಸಿ ಬರುವಾಗ ದಿನಾಲೂ ನಾಲ್ಕು ಜನರ ಊಟ ಕಟ್ಟಿಸಿಕೊಂಡು ಬರುತ್ತಿದ್ದರು. ಕೇಳಿದರೆ ಕಣ್ಣು ತಪ್ಪಿಸಿ, "ಮನ್ಯಾಗ ಮಂದಿ ಬಂದಾರ್ರಿ" ಎನ್ನುತ್ತಿದ್ದರು. ಆದರೆ ಆ ಮನೆಯಿಂದ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಯಾರನ್ನೋ ಅಡಗಿಸಿಟ್ಟಿದ್ದಾರೆಂದು ನನಗೆ ಗುಮಾನಿ.

ಒಂದು ಸಂಜೆ ಸಕ್ಕರೆ ಕೇಳುವ ನೆಪದಲ್ಲಿ ಬಾಗಿಲು ತಳ್ಳಿ ಒಳಹೊಕ್ಕೆ. ನಾಲ್ಕೂ ಪೊಟ್ಟಣ ಬಿಚ್ಚಿಟ್ಟುಕೊಂಡು ಅವರೊಬ್ಬರೇ ಗಬಗಬನೆ ತಿನ್ನುತ್ತಿದ್ದರು.

"ಮಂದಿ ಎಲ್ಲಿದಾರ್ರಿ?" ಎಂದೆ.

"ಯಾರೂ ಇಲ್ರಿ. ಹಸಿವೂ ಇಲ್ಲ. ಒಬ್ನೇ ಕುಂತ್ರ ಈ ಕೈ ನಿಲ್ಲಂಗಿಲ್ಲ."

ಕದ್ದು ನೋಡಲು ಹೋದ ನನಗೇ ನಾಚಿಕೆಯಾಯಿತು. ಎದುರಿಗೆ ಕುಳಿತೆ. ಅವರು ತಂಗಿಯ ಬಗ್ಗೆ, ಕ್ರೇನಿನ ಬಗ್ಗೆ ಮಾತಾಡುತ್ತಾ ಹೋದರು. ಎಂಜಲು ಕೈ ಒಣಗಿದ್ದೂ ಅವರಿಗೆ ತಿಳಿಯಲಿಲ್ಲ.